ಗ್ರೀಸಿನ ಪುಟ್ಟ ಹಳೇ ಮನೆ: ಸಮುದ್ರ ಆಮೇಲೆ, ಮೊದಲು ಸೂರು ನೋಡಿ

ಜರ್ಮನಿ, ನೆದರ್ಲೆಂಡ್ಸ್ ಕಡೆ ಕೆಲಸದಲ್ಲಿರುವ ಗೆಳೆಯರಿಂದ ವರ್ಷಕ್ಕೆ ಒಂದೆರಡು ಸಲ ಇಂಥ ಮೆಸೇಜ್ ಬರುತ್ತದೆ. ಜೊತೆಗೆ ಒಂದು ಫೋಟೊ. ಬಿಳಿ ಗೋಡೆ, ನೀಲಿ ಬಾಗಿಲು, ಪಕ್ಕದಲ್ಲಿ ಕಾಗದದ ಹೂವಿನ ಬಳ್ಳಿ, ಹಿಂದೆ ಒಂದು ಚೂರು ಸಮುದ್ರ. ಕೆಳಗೆ ಪ್ರಶ್ನೆ: "ನಲವತ್ತೆರಡು ಚದರ ಮೀಟರ್ ಅಂತೆ. ರಿಪೇರಿ ಮಾಡಿಸಿಕೊಂಡರೆ ಇಬ್ಬರಿಗೆ ಸಾಕಲ್ವಾ?"

ನಾನು ವಾಪಸ್ ಕೇಳುವುದು ಒಂದೇ. ಮನೆಯೊಳಗೆ ನಿಂತು, ಕ್ಯಾಮೆರಾ ಮೇಲಕ್ಕೆ ಹಿಡಿದು, ಒಂದು ಫೋಟೊ ಕಳಿಸಿ.

ಗ್ರೀಸಿನ ಹಳೇ ಸಣ್ಣ ಮನೆಗಳಲ್ಲಿ ಮಿಕ್ಕಿದ್ದೆಲ್ಲ ಸೂರು ಹೇಳಿದಂತೆ ಕೇಳುತ್ತದೆ. ಕೋಣೆ ಎಷ್ಟು ಅಗಲ ಅನ್ನುವುದು ಆ ಊರಲ್ಲಿ ಎಷ್ಟು ಉದ್ದದ ಮರ ಸಿಗುತ್ತಿತ್ತು ಅನ್ನುವುದರ ಮೇಲೆ ನಿಂತಿದೆ. ಅಟ್ಟ ಹಾಕಬಹುದೋ ಇಲ್ಲವೋ, ಗೋಡೆ ಎಷ್ಟು ಭಾರ ಹೊತ್ತಿದೆ, ಭೂಮಿ ನಡುಗಿದರೆ ಏನಾಗುತ್ತದೆ, ರಿಪೇರಿಗೆ ಎಂಥ ಕೆಲಸದವರು ಬೇಕು, ಎಲ್ಲಕ್ಕೂ ಉತ್ತರ ಮೇಲೇ ಇದೆ. ಹಾಗಾಗಿ ದ್ವೀಪ ಯಾವುದು, ಬೀಚ್ ಎಷ್ಟು ದೂರ ಎಂದು ಹೋಲಿಸುವ ಬದಲು ಸೂರಿನ ಲೆಕ್ಕದಲ್ಲಿ ಹೋಲಿಸೋಣ.

ಅದಕ್ಕೆ ಮುಂಚೆ ಆ ನಲವತ್ತೆರಡರ ಕಥೆ ಮುಗಿಸಿಬಿಡುತ್ತೇನೆ. ಗ್ರೀಸಿನ ಜಾಹೀರಾತಿನಲ್ಲಿ ಹೇಳುವ ಚದರ ಮೀಟರ್ ಸಾಮಾನ್ಯವಾಗಿ ಗೋಡೆಯನ್ನೂ ಸೇರಿಸಿದ ಹೊರ ಅಳತೆ. ಹಳೇ ಕಲ್ಲುಗೋಡೆ ಕಡಿಮೆ ಅಂದರೂ 60 ಸೆಂಟಿಮೀಟರ್ ದಪ್ಪ. ಹೊರಗೆ 5.2 ಮೀಟರಿಗೆ 8.2 ಮೀಟರ್ ಇದ್ದರೆ 42.6 ಚದರ ಮೀಟರ್ ಆಯಿತು. ಒಳಗೆ ಉಳಿಯುವುದು 4 ಮೀಟರಿಗೆ 7 ಮೀಟರ್, ಅಂದರೆ 28. ಮೂರರಲ್ಲಿ ಒಂದು ಪಾಲನ್ನು ಗೋಡೆಯೇ ನುಂಗಿತು. 28 ಚದರ ಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ ಸುಮಾರು 300 ಚದರ ಅಡಿ, ಒಂದು ಮೂವತ್ತು-ನಲವತ್ತು ಸೈಟಿನ ಕಾಲು ಭಾಗ. ಇದರಲ್ಲಿ ಮಲಗಬೇಕು, ಬೇಯಿಸಬೇಕು, ಸ್ನಾನ ಮಾಡಬೇಕು. ಆಗುತ್ತದೆ. ಆದರೆ ಯಾವ ಮನೆಯಲ್ಲಿ ಸಲೀಸಾಗಿ ಆಗುತ್ತದೆ ಅನ್ನುವುದೇ ಪ್ರಶ್ನೆ.

ಮಣ್ಣಿನ ಮಾಳಿಗೆ: ನಾಕ್ಸೊಸ್, ಪಾರೊಸ್, ಸಿಫ್ನೊಸ್ ಕಡೆಯ ಮನೆ

ಫೋಟೊದಲ್ಲಿ ಕಾಣುವ ಚೌಕ ಬಿಳಿ ಮನೆ ಇದೇ. ಇದರ ಸಪಾಟು ಸೂರಿಗೆ ಅಲ್ಲಿನವರು 'ದೋಮಾ' ಎನ್ನುತ್ತಾರೆ. ಗದಗ, ಬಾಗಲಕೋಟೆ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ನಮ್ಮ ಮಾಳಿಗೆ ಮನೆಯ ಅಣ್ಣತಮ್ಮ. ಕೆಳಗೆ ತೊಲೆಗಳು. ಅದರ ಮೇಲೆ ಜೊಂಡು, ಇಲ್ಲವೇ ತೆಳು ಚಪ್ಪಡಿ ಕಲ್ಲು. ಅದರ ಮೇಲೆ ಒಣಗಿದ ಕಡಲ ಹುಲ್ಲು. ಎಲ್ಲಕ್ಕಿಂತ ಮೇಲೆ ಜಿಗುಟು ಮಣ್ಣು ಬಡಿದು ಕೂರಿಸಿರುತ್ತಾರೆ. ಈ ದ್ವೀಪಗಳಲ್ಲಿ ದೊಡ್ಡ ಮರವೇ ಅಪರೂಪ. ಸಿಗುತ್ತಿದ್ದದ್ದು ಸೊಟ್ಟಪಟ್ಟ ಜುನಿಪರ್ ಕೊಂಬೆಗಳು. ಅದಕ್ಕೇ ಕೋಣೆಗಳು ಮೂರು ಮೀಟರ್ ಆಸುಪಾಸಿನ ಅಗಲಕ್ಕೆ ನಿಂತುಬಿಡುತ್ತವೆ, ಉದ್ದಕ್ಕೆ ಬೆಳೆಯುತ್ತವೆ.

ಹಿಂದಿನವರು ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತಿ ಬಿರುಕು ಮುಚ್ಚಿ, ಮಣ್ಣು ಬಡಿದು, ಸುಣ್ಣ ಬಳಿಯುತ್ತಿದ್ದರು. ಮನೆಯಲ್ಲಿ ಜನ ಇರುವವರೆಗೆ ಸೂರು ಬದುಕಿತ್ತು. ಮನೆಯವರು ಅಥೆನ್ಸಿಗೋ ಆಸ್ಟ್ರೇಲಿಯಾಕ್ಕೋ ಹೋದ ಮೇಲೆ ನಾಲ್ಕೈದು ಮಳೆಗಾಲ ಸಾಕು, ತೊಲೆಯ ತುದಿ ಗೋಡೆಯೊಳಗೇ ಕೊಳೆಯುತ್ತದೆ. ಕೆಳಗಿನಿಂದ ನೋಡಿದರೆ ತೊಲೆ ಗಟ್ಟಿಯಾಗಿಯೇ ಕಾಣುತ್ತದೆ. ಗೋಡೆಗೆ ಸೇರುವ ಜಾಗಕ್ಕೆ ಒಂದು ಸ್ಕ್ರೂಡ್ರೈವರ್ ಒತ್ತಿ ನೋಡಿ. ಬೆಣ್ಣೆಯ ಹಾಗೆ ಒಳಗೆ ಹೋದರೆ ಆ ತೊಲೆ ಹೋಯಿತು.

ಇಲ್ಲಿ ಮೂರು ದಾರಿಗಳಿವೆ. ಹಳೇ ಮಣ್ಣನ್ನೇ ಉಳಿಸಿಕೊಳ್ಳುವುದು ಒಂದು. ತಂಪು ಚೆನ್ನಾಗಿರುತ್ತದೆ, ಆದರೆ ವರ್ಷಾ ವರ್ಷಾ ಯಾರಾದರೂ ಮೇಲೆ ಹತ್ತಲೇಬೇಕು. ಬೇಸಿಗೆ ರಜೆಗೆ ಮಾತ್ರ ಬರುವವರಿಗೆ ಇದು ಆಗದ ಮಾತು. ಎರಡನೆಯದು ಕಾಂಕ್ರೀಟ್ ಸ್ಲ್ಯಾಬ್. 1970ರ ದಶಕದ ಹೊತ್ತಿಗೆ ಇದೇ ಪ್ರಗತಿಯ ಗುರುತಾಗಿತ್ತು. ಮಣ್ಣು ಭಾರ, ಸ್ಲ್ಯಾಬ್ ಹಗುರ ಅಂತ ಬಹಳ ಜನ ನಂಬಿಕೊಂಡಿದ್ದಾರೆ. ಲೆಕ್ಕ ಹಾಕಿ ನೋಡಿ. 20 ಸೆಂಟಿಮೀಟರ್ ಮಣ್ಣು ಚದರ ಮೀಟರಿಗೆ ಸುಮಾರು 320 ಕಿಲೋ. 15 ಸೆಂಟಿಮೀಟರ್ ಸ್ಲ್ಯಾಬ್ 375 ಕಿಲೋ. 30 ಚದರ ಮೀಟರ್ ಸೂರಿಗೆ ಒಂದು ಹತ್ತು ಟನ್ನಿನ ಹತ್ತಿರ, ಇನ್ನೊಂದು ಹನ್ನೊಂದು ಟನ್ ದಾಟುತ್ತದೆ. ಹೊರುವುದು ಅದೇ ಮಣ್ಣುಗಾರೆಯ ಹಳೇ ಗೋಡೆ! ಸಾಲದ್ದಕ್ಕೆ ಉಪ್ಪುಗಾಳಿ. ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ, ಕಾಂಕ್ರೀಟು ಪದರ ಪದರವಾಗಿ ಉದುರುತ್ತದೆ. ಸ್ಲ್ಯಾಬ್ ಪರವಾಗಿ ಒಂದು ಮಾತು ನಿಜ, ನಾಲ್ಕು ಗೋಡೆಗಳನ್ನು ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಆದರೆ ಎರಡು ಪದರ ಹಲಗೆಯನ್ನು ಅಡ್ಡಡ್ಡ ಬಡಿದು, ಸುತ್ತ ಗೋಡೆಗೆ ಕಬ್ಬಿಣದ ಪಟ್ಟಿಯಿಂದ ಬಿಗಿದರೂ ಆ ಕೆಲಸ ಆಗುತ್ತದೆ.

ಅದೇ ಮೂರನೇ ದಾರಿ, ನನ್ನ ಓಟು ಅದಕ್ಕೆ. ಹೊಸ ತೊಲೆ, ಕೆಳಗಿನಿಂದ ನೋಡಲು ಹಳೇ ಥರವೇ ಜೊಂಡು, ಅದರ ಮೇಲೆ ಹಲಗೆ, ಹತ್ತು-ಹನ್ನೆರಡು ಸೆಂಟಿಮೀಟರ್ ಶಾಖ ತಡೆಯುವ ಪದರ, ನೀರು ತಡೆಯುವ ಹಾಳೆ, ಮೇಲೆ ತೆಳು ಗಾರೆ. ಭಾರ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಒಳಗಿನ ಎತ್ತರ ಕಡಿಮೆಯಾದ್ದರಿಂದ ಈ ಮನೆಗಳಲ್ಲಿ ಪೂರ್ತಿ ಅಟ್ಟದ ಆಸೆ ಬಿಡಿ. ಅದರ ಬದಲಿಗೆ ಏನು ಅಂತ ಮುಂದೆ ಹೇಳುತ್ತೇನೆ.

ಕಮಾನಿನ ಮನೆ: ಕ್ರೀಟ್

ಕ್ರೀಟಿನ ಹಳ್ಳಿಗಳಲ್ಲಿ 'ಕಮಾರೊಸ್ಪಿತೊ' ಎಂಬ ಮನೆ ಸಿಗುತ್ತದೆ. ಕಮಾರಾ ಅಂದರೆ ಕಮಾನು, ಸ್ಪಿತಿ ಅಂದರೆ ಮನೆ. ಕೋಣೆಯ ನಡುವೆ ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ದೊಡ್ಡ ಕಲ್ಲಿನ ಕಮಾನು. ಗಿಡ್ಡ ಮರದ ತೊಂದರೆಗೆ ಹಳ್ಳಿ ಮೇಸ್ತ್ರಿ ಕಂಡುಕೊಂಡ ಉಪಾಯ ಇದು. ಮುಂದಿನ ಗೋಡೆಯಿಂದ ಕಮಾನಿಗೆ ಒಂದು ಸಾಲು ತೊಲೆ, ಕಮಾನಿನಿಂದ ಹಿಂದಿನ ಗೋಡೆಗೆ ಇನ್ನೊಂದು ಸಾಲು. ಮರ ಅಷ್ಟೇ ಉದ್ದ, ಕೋಣೆ ಮಾತ್ರ ಎರಡರಷ್ಟು.

ಪುಟ್ಟ ಮನೆ ಮಾಡಿಕೊಳ್ಳಲು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದು. ಗೋಡೆ ಕಟ್ಟದೆಯೇ ಕೋಣೆ ಎರಡಾಗಿರುತ್ತದೆ. ಕಮಾನಿನ ಈಚೆ ಅಡುಗೆ, ಊಟ. ಆಚೆ ಮಲಗುವ ಜಾಗ, ಎತ್ತರವಿದ್ದರೆ ಮೇಲೊಂದು ಅಟ್ಟ. ಒಂದು ಪರದೆ ಎಳೆದರೆ ಮುಗಿಯಿತು.

ಆದರೆ ಕಮಾನು ಸುಮ್ನೆ ನಿಂತಿರುವುದಿಲ್ಲ. ಎರಡೂ ಪಕ್ಕದ ಗೋಡೆಯನ್ನು ಹಗಲು ರಾತ್ರಿ ಹೊರಗೆ ತಳ್ಳುತ್ತಲೇ ಇರುತ್ತದೆ. ಹಳ್ಳಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಇರುವುದರಿಂದ ಪಕ್ಕದ ಮನೆಯೇ ಅದಕ್ಕೆ ಒತ್ತು ಕೊಡುತ್ತದೆ. ಪಕ್ಕದ ಮನೆ ಪಾಳು ಬಿದ್ದಿದ್ದರೆ, ಅಥವಾ ಅವರು ಕೆಡವುವ ಯೋಚನೆಯಲ್ಲಿದ್ದರೆ, ನಿಮ್ಮ ಕಮಾನಿಗೂ ಆಪತ್ತು. ಕಮಾನಿನ ಕಾಲು ಊರಿದ ಜಾಗದಲ್ಲಿ ಹೊಸ ಬಾಗಿಲು, ಗೂಡು, ಪೈಪಿನ ಕಾಲುವೆ ಯಾವುದನ್ನೂ ಕೊರೆಯಬೇಡಿ. ಕಮಾನಿನ ನೆತ್ತಿಗಲ್ಲಿನ ಹತ್ತಿರ ಬಿರುಕು ಬಿಟ್ಟಿದ್ದರೆ ಗೋಡೆ ಸರಿದಿದೆ ಅಂತ ಅರ್ಥ. ಕ್ರೀಟಿನ ಅರ್ಕಾಲೊಖೋರಿ ಸುತ್ತ 2021ರ ಸೆಪ್ಟೆಂಬರಿನಲ್ಲಿ ಭೂಕಂಪವಾದಾಗ ಜಾಸ್ತಿ ಪೆಟ್ಟು ತಿಂದದ್ದು ಹಳೇ ಕಲ್ಲುಮನೆಗಳೇ.

ಕಲ್ಲುಹೊದಿಕೆ, ಹೆಂಚು, ಮತ್ತೆ ಗುಹೆಮನೆ

ಸಾಂತೊರಿನಿಯ ಗುಹೆಮನೆ ಬಗ್ಗೆ ಎಲ್ಲರೂ ಕೇಳುತ್ತಾರೆ, ಬೇಗ ಮುಗಿಸುತ್ತೇನೆ. ಜ್ವಾಲಾಮುಖಿ ಬೂದಿಯ ಗುಡ್ಡ ಕೊರೆದು ಮಾಡಿದ್ದು. ಮುಂದೆ ಮಾತ್ರ ಬಾಗಿಲು, ಕಿಟಕಿ, ಹಿಂದೆ ಕತ್ತಲು ಮತ್ತು ತೇವ. ಮರವೇ ಬೇಡದ ಗುಮ್ಮಟದಂಥ ಸೂರು ಅದ್ಭುತ ಕೆಲಸ, ನಿಜ. ಆದರೆ 1956ರ ಜುಲೈ ಭೂಕಂಪ ಆ ದ್ವೀಪದ ಮನೆಗಳನ್ನು ಎಷ್ಟರ ಮಟ್ಟಿಗೆ ಕೆಡವಿತು ಅನ್ನುವುದು ಅಲ್ಲಿನ ಹಿರಿಯರಿಗೆ ಇನ್ನೂ ನೆನಪಿದೆ. 2025ರ ಆರಂಭದಲ್ಲಿ ವಾರಗಟ್ಟಲೆ ನೆಲ ನಡುಗಿ ಸಾವಿರಾರು ಜನ ದ್ವೀಪ ಬಿಟ್ಟು ಬಂದರು. ಗುಹೆಮನೆಗಳಲ್ಲಿ ಬಹಳಷ್ಟು ಈಗ ಹೋಟೆಲುಗಳು. ವಾಸಕ್ಕೆಂದು ಹುಡುಕುವವರು ಇದನ್ನು ಬಿಟ್ಟು ಮುಂದೆ ಹೋಗುವುದು ಒಳ್ಳೆಯದು.

ಉತ್ತರದ ಜಾಗೋರಿ, ಪೂರ್ವದ ಪೆಲಿಯೊನ್ ಬೆಟ್ಟದ ಹಳ್ಳಿಗಳಲ್ಲಿ ಇಳಿಜಾರು ಸೂರಿಗೆ ಚಪ್ಪಡಿ ಕಲ್ಲು ಹೊದಿಸುತ್ತಾರೆ. ನೋಡಲು ಬಹಳ ಚೆಂದ. ಜಾಗೋರಿ 2023ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಆದರೆ ಭಾರ! ಐದು ಸೆಂಟಿಮೀಟರ್ ದಪ್ಪದ ಕಲ್ಲು ಚದರ ಮೀಟರಿಗೆ 130 ಕಿಲೋ. ಒಂದರ ಮೇಲೊಂದು ಹೊದ್ದುಕೊಳ್ಳುವುದರಿಂದ ಅದು ಇಮ್ಮಡಿಯ ಹತ್ತಿರ ಹೋಗುತ್ತದೆ, ಚಳಿಗಾಲದಲ್ಲಿ ಮೇಲೆ ಹಿಮ ಬೇರೆ. ಕೆಳಗಿನ ಮರ ಅಷ್ಟೇ ದಪ್ಪ ಇರಬೇಕು. ಇದನ್ನು ಸರಿಯಾಗಿ ಕೂರಿಸುವ ಕೈಗಳು ಕಡಿಮೆ. ಬೇಡಪ್ಪಾ, ಹೆಂಚು ಹಾಕಿಬಿಡುತ್ತೇನೆ ಅಂದರೆ ಈ ಊರುಗಳ ನಿಯಮ ಬಿಡುವುದಿಲ್ಲ. ವರ್ಷವಿಡೀ ಅಲ್ಲೇ ಇದ್ದು, ಸೌದೆ ಒಲೆ ಉರಿಸಿಕೊಂಡು, ಬೆಟ್ಟ ಹತ್ತಿಳಿಯುವ ಆಸೆ ಇರುವವರಿಗೆ ಮಾತ್ರ ಇದು.

ದಕ್ಷಿಣದ ಪೆಲೊಪೊನ್ನೀಸ್ ಪ್ರಾಂತ್ಯ ಮತ್ತು ಒಳನಾಡಿನ ಬಹುಪಾಲು ಹಳ್ಳಿಗಳಲ್ಲಿ ಇರುವುದು ಹೆಂಚಿನ ಮನೆ. ಹಳೆಯದು ನಮ್ಮ ನಾಡಹೆಂಚಿನ ಹಾಗೆ ಅರ್ಧ ಕೊಳವೆಯ ಆಕಾರದ್ದು. ಚದರ ಮೀಟರಿಗೆ 50 ಕಿಲೋ ಆಸುಪಾಸು, ಅಂದರೆ ಮಣ್ಣಿನ ಮಾಳಿಗೆಯ ಆರರಲ್ಲಿ ಒಂದು ಪಾಲು. ಸೋರಿದರೆ ಎಲ್ಲಿ ಸೋರಿತು ಅಂತ ಕಾಣುತ್ತದೆ, ಹತ್ತಿ ಹೆಂಚು ಬದಲಿಸಬಹುದು. ಮಧ್ಯದಲ್ಲಿ ಎತ್ತರ ಸಿಗುವುದರಿಂದ ಅಟ್ಟಕ್ಕೂ ಜಾಗ. ಫೋಟೊದಲ್ಲಿ ಇದು ನೀಲಿ-ಬಿಳಿ ಮನೆಯಷ್ಟು ಮಿಂಚುವುದಿಲ್ಲ. ಆದರೆ ಮೊದಲ ಸಲ ಕೊಳ್ಳುವವರು, ದುಡ್ಡು ಅಳೆದು ಖರ್ಚು ಮಾಡುವವರು ಇಲ್ಲಿಂದಲೇ ಹುಡುಕಾಟ ಶುರು ಮಾಡಬೇಕು. ಲಾರಿ ಮನೆ ಬಾಗಿಲಿಗೆ ಬರುತ್ತದೆ ಅನ್ನುವುದೂ ಸಣ್ಣ ವಿಷಯವಲ್ಲ. ಹೈಡ್ರಾ ದ್ವೀಪದಲ್ಲಿ ವಾಹನ ನಿಷಿದ್ಧ, ಸಿಮೆಂಟು, ಮರಳೆಲ್ಲ ಹೇಸರಗತ್ತೆಯ ಬೆನ್ನ ಮೇಲೆ. ಬೇರೆ ದ್ವೀಪಗಳ ಹಳೇ ಊರಿನ ಓಣಿಗಳಲ್ಲೂ ಕೊನೆಯ ಇನ್ನೂರು ಮೀಟರ್ ಹೆಚ್ಚುಕಮ್ಮಿ ಇದೇ ಪಾಡು.

ಅಟ್ಟವೋ, ಜಗಲಿಯೋ?

ಪುಟ್ಟ ಜಾಗದಲ್ಲಿ ಬದುಕುವುದನ್ನು ಗ್ರೀಕರಿಗೆ ಯಾವ ಇಂಟೀರಿಯರ್ ಡಿಸೈನರೂ ಹೇಳಿಕೊಡಬೇಕಿರಲಿಲ್ಲ. ಸ್ಕೈರೊಸ್ ದ್ವೀಪದ ಮನೆ ಒಂದೇ ಕೋಣೆ. ಅದರ ಹಿಂಭಾಗದಲ್ಲಿ ಮರದ ಅಟ್ಟ, 'ಸ್ಫಾಸ್' ಎನ್ನುತ್ತಾರೆ. ಮೇಲೆ ಮಲಗುವುದು, ಕೆಳಗೆ ದಿನಸಿ, ಪಾತ್ರೆ. ಅಟ್ಟದ ಕೆಳಗಿನ ಭಾಗ ಕಾಣದಂತೆ ಕೆತ್ತನೆಯ ಮರದ ಅಡ್ಡಗೋಡೆ. ಉಳಿದ ಗೋಡೆಯ ತುಂಬ ಪಿಂಗಾಣಿ ತಟ್ಟೆ, ತಾಮ್ರದ ಪಾತ್ರೆ. ಕಾರ್ಪಾಥೊಸ್ ದ್ವೀಪದವರದ್ದು ಇನ್ನೊಂದು ರೀತಿ. ಅಲ್ಲಿ 'ಸೂಫಾಸ್' ಎಂಬ ಮರದ ಜಗಲಿ. ಇಡೀ ಮನೆ ಅದರ ಮೇಲೆ ಸಾಲಾಗಿ ಮಲಗುತ್ತಿತ್ತು, ಕೆಳಗಿನ ಪೊಳ್ಳಿನಲ್ಲಿ ಸಾಮಾನು.

ಈಗ ರಿಪೇರಿ ಮಾಡಿಸುವವರು ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು, ಆರಿಸುವುದು ಎತ್ತರ. ಅಟ್ಟದ ಕೆಳಗೆ ತಲೆ ತಗಲದಿರಲು 2.1 ಮೀಟರ್, ಹಲಗೆ-ತೊಲೆಗೆ 20 ಸೆಂಟಿಮೀಟರ್, ಮೇಲೆ ಹಾಸಿಗೆಯಲ್ಲಿ ಕೂರಲು ಕಡೇಪಕ್ಷ 1.3 ಮೀಟರ್. ಒಟ್ಟು 3.6. ಇಷ್ಟು ಇಲ್ಲದ ಮನೆಯಲ್ಲಿ ಅಟ್ಟ ಹಾಕಿಸಿದರೆ ಮೇಲೂ ಬಗ್ಗಬೇಕು, ಕೆಳಗೂ ಬಗ್ಗಬೇಕು. ಇನ್ನೊಂದು ವಿಷಯ ಯಾರೂ ಮೊದಲೇ ಹೇಳುವುದಿಲ್ಲ. ಬಿಸಿಗಾಳಿ ಮೇಲೇರುತ್ತದೆ, ಆಗಸ್ಟಿನ ರಾತ್ರಿ ಅಟ್ಟ ಒಲೆಯ ಬಾಯಿ. ಸೂರಿನ ಹತ್ತಿರ ಎರಡು ಸಣ್ಣ ಕಿಂಡಿ ಇಲ್ಲದಿದ್ದರೆ ನೀವು ಹಾಸಿಗೆ ಎಳೆದುಕೊಂಡು ಕೆಳಗೇ ಬರುತ್ತೀರಿ. ಚಳಿಗಾಲದಲ್ಲಿ ಮಾತ್ರ ಮಜಾ.

ಜಗಲಿಗೆ ಈ ತಾಪತ್ರಯವಿಲ್ಲ. 1.6 ಮೀಟರಿಗೆ 2 ಮೀಟರಿನ ಹಾಸಿಗೆ, ನೆಲದಿಂದ 90 ಸೆಂಟಿಮೀಟರ್ ಎತ್ತರಕ್ಕೆ. ಕೆಳಗೆ ಮೂರು ಘನ ಮೀಟರಿಗೆ ಚೂರು ಕಡಿಮೆ ಜಾಗ ಸಿಗುತ್ತದೆ, ಒಂದು ದೊಡ್ಡ ಬೀರುವಿಗಿಂತ ಜಾಸ್ತಿ. ನೀರು ಕಾಯಿಸುವ ಟ್ಯಾಂಕು, ಸೂಟ್‌ಕೇಸು, ಚಳಿಗಾಲದ ಹೊದಿಕೆ ಎಲ್ಲ ಅದರ ಹೊಟ್ಟೆಗೆ. ದ್ವೀಪದ ತಗ್ಗು ಮನೆಗೆ ಜಗಲಿ, ಹೆಂಚಿನ ಮನೆಗೆ ಅಟ್ಟ ಅಂತ ಇಟ್ಟುಕೊಳ್ಳಿ, ಬಹುತೇಕ ತಪ್ಪಾಗುವುದಿಲ್ಲ. ವಯಸ್ಸಾದ ಅಪ್ಪ ಅಮ್ಮ ಬಂದು ಉಳಿಯುತ್ತಾರೆ ಅಂದರೆ ಅಟ್ಟದ ಮಾತೇ ಬೇಡ, ನಡುರಾತ್ರಿ ಏಣಿ ಇಳಿದು ಬಚ್ಚಲಿಗೆ ಹೋಗುವುದು ಯಾರಿಗೆ ಬೇಕು?

ಗೋಡೆಯ ಗೂಡುಗಳನ್ನೂ ಮರೆಯಬೇಡಿ. 60 ಸೆಂಟಿಮೀಟರ್ ಗೋಡೆ ನುಂಗಿದ ಜಾಗದಲ್ಲಿ ಸ್ವಲ್ಪವನ್ನಾದರೂ ಗೂಡು ವಾಪಸ್ ಕೊಡುತ್ತದೆ. ಹಳೇ ಗೂಡಿಗೆ ಹಲಗೆ ಕೂರಿಸಿ ಪುಸ್ತಕ, ಮಸಾಲೆ ಡಬ್ಬ ಇಡಿ. ಹೊಸದಾಗಿ ಕೊರೆಯುವುದು ಬೇಡ.

ಪಾಳು, ಸೂರಿರುವ ಮನೆ, 'ರಿಪೇರಿ ಆಗಿರುವ' ಮನೆ

ಒಂದೇ ಊರಲ್ಲಿ ಈ ಮೂರೂ ಸಿಗುತ್ತವೆ. ಎಲ್ಲರ ಕಣ್ಣು ಬೀಳುವುದು ಮೂರನೆಯದರ ಮೇಲೆ. ಬೀಗ ತೆಗೆದು ವಾಸ ಶುರು ಮಾಡಬಹುದಲ್ಲ ಅಂತ.

ನಾನೂ ಹಾಗೇ ಏಮಾರಿದ್ದೇನೆ. ನಾಕ್ಸೊಸ್ ಒಳನಾಡಿನ ಒಂದು ಹಳ್ಳಿಯಲ್ಲಿ ಗೆಳೆಯನೊಬ್ಬನ ಜೊತೆ ಮನೆ ನೋಡಲು ಹೋಗಿದ್ದೆ. ಗೋಡೆ ನುಣ್ಣಗೆ, ಹೊಸ ಬಣ್ಣ, ನೆಲಕ್ಕೆ ಟೈಲ್ಸು. "ಇದಕ್ಕೆ ಏನೂ ಖರ್ಚಿಲ್ಲ" ಎಂದು ನಾನೇ ಹೇಳಿಬಿಟ್ಟೆ. ಆಮೇಲೆ ಸುಮ್ನೆ ಬೆರಳಗಂಟಿನಿಂದ ಗೋಡೆ ತಟ್ಟುತ್ತಾ ಬಂದೆ. ಸೊಂಟದ ಎತ್ತರದವರೆಗೆ ಪೊಳ್ಳು ಸದ್ದು. ಮಂಚದ ಹಿಂದೆ ಗಿಲಾವಿನ ಒಂದು ಬಿಲ್ಲೆ ಅಂಗೈಗೆ ಬಂತು. ಹಿಂದುಗಡೆ ಬಿಳಿ ಉಪ್ಪಿನ ಪುಡಿ, ಅದರ ಹಿಂದೆ ಒದ್ದೆ ಮಣ್ಣು. ತಿಂಗಳು ಆಗಸ್ಟ್. ಮಳೆ ಬಂದು ಮೂರು ತಿಂಗಳಾಗಿತ್ತು. ಸಿಮೆಂಟ್ ಗಿಲಾವು ನೆಲದ ತೇವವನ್ನು ಹೊರಗೆ ಬಿಡದೆ ಗೋಡೆಯೊಳಗೇ ಕೂಡಿಹಾಕಿತ್ತು. ಗೆಳೆಯ ಕೊಳ್ಳಲಿಲ್ಲ, ನನಗೂ ನಾಲ್ಕು ದಿನ ಮುಖ ತೋರಿಸಲಿಲ್ಲ.

ಇಂಥ ಮನೆಗೆ ಎರಡು ಸಲ ದುಡ್ಡು ಕೊಡುತ್ತೀರಿ. ಒಮ್ಮೆ ಆ ರಿಪೇರಿಗೆ, ಇನ್ನೊಮ್ಮೆ ಅದನ್ನು ಕಿತ್ತು ಹಾಕಲು. ಪಾಳು ಮನೆ ಆ ಮಟ್ಟಿಗೆ ಪ್ರಾಮಾಣಿಕ, ಎಲ್ಲ ಕಣ್ಣೆದುರೇ ಇದೆ. ಆದರೆ ಸೂರಿಲ್ಲದ ಗೋಡೆಯ ತಲೆಯ ಮೇಲೆ ಮಳೆ ಸುರಿದು ಸಂದಿನ ಮಣ್ಣುಗಾರೆ ತೊಳೆದು ಹೋಗಿರುತ್ತದೆ. ಅರ್ಧ ಗೋಡೆ ಬಿಚ್ಚಿ ಕಟ್ಟಬೇಕಾಗಬಹುದು, ಪರವಾನಗಿಯೂ ದೊಡ್ಡದು. ಹಳೇ ಸೂರು ಇನ್ನೂ ಇರುವ, ಯಾರೂ ಕೈ ಹಚ್ಚದ, ಕೊಳಕಾದ ಮನೆಯೇ ಸಿಕ್ಕರೆ ಬಿಡಬೇಡಿ. ಕೋಳಿ ಗೂಡಾಗಿದ್ದರೂ ಸರಿ.

ಗೋಡೆಗೆ ಏನು ಹಚ್ಚುವುದು

ಹಳೇ ಗೋಡೆಗೆ ಸುಣ್ಣದ ಗಾರೆ, ಇದರಲ್ಲಿ ಚೌಕಾಸಿ ಇಲ್ಲ. ಸುಣ್ಣ ತೇವವನ್ನು ಉಸಿರಾಡಲು ಬಿಡುತ್ತದೆ, ಗೋಡೆ ಸ್ವಲ್ಪ ಅಲುಗಾಡಿದರೆ ತಾನೂ ಬಾಗುತ್ತದೆ. ನೀರು ತಾಗುವ ಜಾಗಕ್ಕೆ ಗ್ರೀಕರು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸುತ್ತಿದ್ದರು, 'ಕುರಸಾನಿ' ಅಂತ ಹೆಸರು. ನಮ್ಮ ಕನ್ನಂಬಾಡಿ ಕಟ್ಟೆ ನಿಂತಿರುವ ಸುರ್ಕಿ ಗಾರೆಯ ಗುಟ್ಟೂ ಇದೇ. ಸಾಂತೊರಿನಿಯ ಜ್ವಾಲಾಮುಖಿ ಬೂದಿ ಬೆರೆಸಿದರಂತೂ ನೀರಿನಲ್ಲೂ ಗಟ್ಟಿಯಾಗುವ ಗಾರೆ. ಸೂಯೆಜ್ ಕಾಲುವೆ ಕೆಲಸಕ್ಕೆ ಆ ಬೂದಿ ಹಡಗಿನಲ್ಲಿ ಹೋಗಿತ್ತು.

ಸುಣ್ಣದ ಒಂದೇ ತೊಂದರೆ ನಿಧಾನ. ಒಂದು ಪದರ ಆರಿದ ಮೇಲೆ ಇನ್ನೊಂದು. ಜುಲೈ-ಆಗಸ್ಟಿನ ಮೆಲ್ತೆಮಿ ಗಾಳಿಗೆ ಬೇಗ ಒಣಗಿ ಬಿರುಕು ಬಿಡುತ್ತದೆ. ಹಾಗಾಗಿ ಗಾರೆ ಕೆಲಸಕ್ಕೆ ವಸಂತ ಅಥವಾ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯದು. ಆಗಸ್ಟ್ 15ರ, ಏಸುವಿನ ತಾಯಿ ಮರಿಯಮ್ಮನ ಹಬ್ಬದ ಹಿಂದೆ ಮುಂದೆ ಯಾವ ಮೇಸ್ತ್ರಿಯೂ ಫೋನ್ ಎತ್ತುವುದಿಲ್ಲ ಬಿಡಿ.

ಕಲ್ಲು ಕಾಣುವ ಹಾಗೆ ಬಿಡಬೇಕಾ ಅಂತ ಕೇಳುತ್ತಾರೆ. ಪೆಲೊಪೊನ್ನೀಸಿನ ಮಾನಿಯಂಥ ಕಡೆ ಚೆನ್ನಾಗಿ ಕೆತ್ತಿ ಕಟ್ಟಿದ ಗೋಡೆಗೆ ಅದು ಹೊಂದುತ್ತದೆ. ದ್ವೀಪದ ಕಾಡುಗಲ್ಲಿನ ಗೋಡೆ ಮಾತ್ರ ಗಿಲಾವಿಗೆಂದೇ ಕಟ್ಟಿದ್ದು. ಅದನ್ನು ಬೆತ್ತಲೆ ಮಾಡಿ ಸಂದಿಗೆ ಸಿಮೆಂಟು ತುಂಬುವುದು ಈಗಿನ ಫ್ಯಾಷನ್. ನನಗೆ ಹಿಡಿಸುವುದಿಲ್ಲ, ಗೋಡೆಗೂ ಹಿಡಿಸುವುದಿಲ್ಲ.

ಒಳಗಿನಿಂದ ಶಾಖ ತಡೆಯುವ ಪದರ ಹಾಕಿಸುವವರು ಮತ್ತೊಮ್ಮೆ ಅಳತೆ ಮಾಡಿ. 4 × 7ರ ಕೋಣೆಗೆ ಸುತ್ತಲೂ 10 ಸೆಂಟಿಮೀಟರ್ ಹಾಕಿದರೆ ಎರಡು ಚದರ ಮೀಟರಿಗಿಂತ ಜಾಸ್ತಿ ಹೋಯಿತು. ಅದು ನಿಮ್ಮ ಸ್ನಾನದ ಜಾಗ ಮತ್ತು ವಾಷಿಂಗ್ ಮಷಿನ್! ಬೇಸಿಗೆ ಮನೆಯಾದರೆ ಗೋಡೆಗೆ ಏನೂ ಬೇಡ, ಸೂರಿಗೆ ಮಾತ್ರ ಹಾಕಿ. ಚಳಿಗಾಲದಲ್ಲೂ ಇರುವುದಾದರೆ ಸೂರು, ನೆಲ ಮುಗಿಸಿ, ಗೋಡೆಗೆ ಕಾರ್ಕ್ ಪುಡಿ ಬೆರೆಸಿದ ಸುಣ್ಣದ ಗಿಲಾವು ನಾಲ್ಕು-ಐದು ಸೆಂಟಿಮೀಟರ್ ಸಾಕು.

ನೆಲ ನಡುಗಿದರೆ

ಗ್ರೀಸಿನ ಭೂಕಂಪ ನಿಯಮ ದೇಶವನ್ನು ಮೂರು ವಲಯ ಮಾಡಿದೆ. ಲೆಕ್ಕಕ್ಕೆ ಹಿಡಿಯುವ ನೆಲದ ವೇಗವರ್ಧನೆ 0.16, 0.24 ಮತ್ತು 0.36 ಜಿ (ಜಿ ಅಂದರೆ ಗುರುತ್ವಾಕರ್ಷಣೆಯ ವೇಗವರ್ಧನೆ, ಸಂಖ್ಯೆ ದೊಡ್ಡದಾದಷ್ಟು ನಡುಕ ಜೋರು). ಕೊನೆಯದು ಪಶ್ಚಿಮದ ಕೆಫಲೊನಿಯಾ, ಜಾಕಿಂಥೊಸ್, ಲೆಫ್ಕಾದಾ ದ್ವೀಪಗಳ ಕಡೆ. 1953ರ ಆಗಸ್ಟಿನಲ್ಲಿ ಕೆಫಲೊನಿಯಾ, ಜಾಕಿಂಥೊಸ್ ಹೆಚ್ಚುಕಡಿಮೆ ನೆಲಸಮವಾದವು. ಅಲ್ಲಿ ಹಳೇ ಮನೆ ಕೊಳ್ಳುವವರು ಎಂಜಿನಿಯರ್ ವರದಿ ಕೈಗೆ ಬರುವವರೆಗೆ ಮುಂಗಡ ಕೊಡಬೇಡಿ. ಲೆಫ್ಕಾದಾದ ಹಳೇ ಮನೆಗಳಲ್ಲಿ ಕಲ್ಲುಗೋಡೆಯ ಪಕ್ಕದಲ್ಲೇ ಮರದ ಕಂಬಗಳಿರುತ್ತವೆ. ಗೋಡೆ ಬಿದ್ದರೂ ಮೇಲಿನ ಮಹಡಿಯನ್ನು ಅವು ಹಿಡಿದು ನಿಲ್ಲುತ್ತವೆ. ಜಾಗ ಸಿಗುತ್ತದೆ ಅಂತ ಆ ಕಂಬ ಕತ್ತರಿಸಿದ ಮಹಾನುಭಾವರೂ ಇದ್ದಾರೆ.

ನೀವೇ ನೋಡಬಹುದಾದದ್ದು ಮೂರು. ಮೂಲೆಯಲ್ಲಿ ಮೇಲಿಂದ ಕೆಳಕ್ಕೆ ಬಿರುಕು ಇದ್ದರೆ ಎರಡು ಗೋಡೆ ಒಂದನ್ನೊಂದು ಬಿಟ್ಟಿವೆ. ಗೋಡೆಯ ಹೊಟ್ಟೆ ಉಬ್ಬಿದ್ದರೆ ಒಳಗಿನ ಪೊಳ್ಳಿನಲ್ಲಿ ಜಲ್ಲಿ ಕುಸಿದಿದೆ. ತೊಲೆ ಗೋಡೆಯ ಮೇಲೆ ಸುಮ್ನೆ ಕೂತಿದ್ದರೆ ಸೂರು ಮತ್ತು ಗೋಡೆಗೆ ನಂಟಿಲ್ಲ. ಮೂರಕ್ಕೂ ಔಷಧಿ ಇದೆ: ಸುಣ್ಣದ ತಿಳಿಗಾರೆ ಒಳಗೆ ತುಂಬುವುದು, ಗೋಡೆಯಿಂದ ಗೋಡೆಗೆ ಉಕ್ಕಿನ ಸರಳು ಬಿಗಿಯುವುದು, ಗೋಡೆಯ ತಲೆಗೆ ಸುತ್ತ ಪಟ್ಟಿ ಕಟ್ಟುವುದು. ಕಡಿಮೆ ಖರ್ಚಿನದಲ್ಲ. ಅಡುಗೆಮನೆಗೆ ಎತ್ತಿಟ್ಟ ದುಡ್ಡು ಮೊದಲು ಇಲ್ಲಿಗೆ ಹೋಗಲಿ.

ನೀರು, ಬಚ್ಚಲು

ಬಚ್ಚಲು, ಅಡುಗೆಮನೆ ಎರಡಕ್ಕೂ ಒಂದೇ ಗೋಡೆ ಹಂಚಿ, ಅದು ಹೊರಗಿನ ಚರಂಡಿ ಅಥವಾ ಗುಂಡಿ ಇರುವ ಕಡೆಗೇ ಇರಲಿ. ಕಲ್ಲುಬಂಡೆಯ ನೆಲ ಅಗೆದು ಪೈಪ್ ಎಳೆಯುವುದು ದುಬಾರಿ. ಅಂಗಳದಲ್ಲಿ ಹಳೇ ಮಳೆನೀರಿನ ತೊಟ್ಟಿ, 'ಸ್ತೆರ್ನಾ', ಇದ್ದರೆ ಅದನ್ನು ಮುಚ್ಚಿಸಬೇಡಿ. ವರ್ಷಕ್ಕೆ 350 ಮಿಲಿಮೀಟರ್ ಮಳೆಯಾಗುವ ದ್ವೀಪದಲ್ಲೂ 40 ಚದರ ಮೀಟರ್ ಸೂರಿನಿಂದ ಹನ್ನೊಂದು ಸಾವಿರ ಲೀಟರ್ ಇಳಿಸಬಹುದು.

ಕಾಗದಪತ್ರ

ಇಲ್ಲಿ ಮನೆಗಿಂತ ನಿಮ್ಮ ಪಾಸ್‌ಪೋರ್ಟ್ ಮುಖ್ಯ. ಯುರೋಪಿಯನ್ ಒಕ್ಕೂಟದ (ಅಥವಾ ನಾರ್ವೆ, ಸ್ವಿಟ್ಜರ್ಲೆಂಡಿನಂಥ ದೇಶದ) ಪೌರತ್ವ ಇಲ್ಲದವರು ಗಡಿ ಪ್ರದೇಶ ಅಂತ ಗುರುತಿಸಿದ ಕಡೆ ಮನೆ ಕೊಳ್ಳಲು ಮೊದಲೇ ಅನುಮತಿ ಪಡೆಯಬೇಕು. ಕಾರ್ಪಾಥೊಸ್ ಸೇರಿದ ಡೊಡೆಕನೀಸ್ ದ್ವೀಪಗಳು, ಸಾಮೊಸ್, ಖಿಯೊಸ್, ಲೆಸ್ವೊಸ್, ಅಷ್ಟೇ ಅಲ್ಲ, ಸಾಂತೊರಿನಿ ಮತ್ತು ಸ್ಕೈರೊಸ್ ಕೂಡ ಆ ಪಟ್ಟಿಯಲ್ಲಿವೆ. ನಾಕ್ಸೊಸ್, ಪಾರೊಸ್, ಪೆಲೊಪೊನ್ನೀಸಿಗೆ ಈ ರಗಳೆಯಿಲ್ಲ. ಮನೆ ಇದ್ದ ಮಾತ್ರಕ್ಕೆ ಅಲ್ಲೇ ಉಳಿಯುವ ಹಕ್ಕೂ ಬರುವುದಿಲ್ಲ. ಪ್ರವಾಸಿ ವೀಸಾದಲ್ಲಿ 180 ದಿನಕ್ಕೆ 90 ದಿನ ಅಷ್ಟೇ. ಆಸ್ತಿ ಕೊಂಡವರಿಗೆ ವಾಸದ ಪರವಾನಗಿ ಕೊಡುವ ಗೋಲ್ಡನ್ ವೀಸಾಕ್ಕೆ 2024ರ ನಿಯಮದಂತೆ ಜಾಗ ನೋಡಿಕೊಂಡು 4 ಅಥವಾ 8 ಲಕ್ಷ ಯೂರೋ, ಅದೂ ಕಡೇಪಕ್ಷ 120 ಚದರ ಮೀಟರಿನ ಒಂದೇ ಆಸ್ತಿ. ಸಂರಕ್ಷಿತ ಕಟ್ಟಡವನ್ನು ಜೀರ್ಣೋದ್ಧಾರ ಮಾಡುವವರಿಗೆ 2.5 ಲಕ್ಷದ ಬೇರೆ ದಾರಿ ಇದೆ. ನಲವತ್ತೆರಡು ಚದರ ಮೀಟರಿನ ಮನೆಗೂ ಅದಕ್ಕೂ ಸಾಮಾನ್ಯವಾಗಿ ಸಂಬಂಧವಿಲ್ಲ. ಭಾರತದಲ್ಲೇ ಇರುವವರು ರಿಸರ್ವ್ ಬ್ಯಾಂಕಿನ ಎಲ್‌ಆರ್‌ಎಸ್ ಯೋಜನೆಯಲ್ಲಿ ಒಬ್ಬರಿಗೆ ವರ್ಷಕ್ಕೆ 2.5 ಲಕ್ಷ ಡಾಲರ್ ವರೆಗೆ ಕಳಿಸಬಹುದು.

ಮನೆಯ ಕಡೆಯಿಂದ ಕೇಳಬೇಕಾದದ್ದು ಪಾಲುದಾರರು ಎಷ್ಟು ಜನ ಅನ್ನುವುದು. ಅಜ್ಜನ ಮನೆ ಭಾಗವಾಗದೆ ಹನ್ನೊಂದು ಮೊಮ್ಮಕ್ಕಳ ಹೆಸರಲ್ಲಿ ಇರುವುದು ನಮ್ಮಲ್ಲಿ ಹೇಗೋ ಅಲ್ಲೂ ಹಾಗೇ. ಒಬ್ಬರು ಮೆಲ್ಬರ್ನಿನಲ್ಲಿ, ಒಬ್ಬರು ಷಿಕಾಗೊದಲ್ಲಿ. ಎಲ್ಲರ ಸಹಿ ಬೇಕು. ಅನುಮತಿಯಿಲ್ಲದೆ ಕಟ್ಟಿದ ಭಾಗ ಇದ್ದರೆ ಅದು 2011ರ ಜುಲೈ 28ಕ್ಕೆ ಮುಂಚಿನದೋ ಆಮೇಲಿನದೋ ನೋಡಿ. ಮುಂಚಿನದಾದರೆ ಬಹಳಷ್ಟು ಸಲ ದಂಡ ಕಟ್ಟಿ ಸರಿಪಡಿಸಬಹುದು, ಆಮೇಲಿನದಕ್ಕೆ ಆ ದಾರಿ ಮುಚ್ಚಿದೆ. ಮಾರುವವರು ಎಂಜಿನಿಯರ್ ಕೈಯಲ್ಲಿ ಕಟ್ಟಡದ ಗುರುತಿನ ದಾಖಲೆ ಮಾಡಿಸಿಯೇ ಮಾರಬೇಕು. ವರ್ಗಾವಣೆ ತೆರಿಗೆ 3.09 ಶೇಕಡಾ. ಕಡಿಮೆ ಖರ್ಚಿನ ಸಣ್ಣಪುಟ್ಟ ಕೆಲಸಕ್ಕೆ ಹಗುರವಾದ ಅನುಮತಿ ಸಾಕಾಗಬಹುದು, ಆದರೆ ಸೂರು ಬದಲಿಸಿ ಗೋಡೆ ಬಿಗಿಯುವುದು ಅಷ್ಟರಲ್ಲಿ ಮುಗಿಯುತ್ತದೆ ಅಂತ ಅಂದುಕೊಳ್ಳಬೇಡಿ. 1978ರ ಆದೇಶದಿಂದ ನೂರಾರು ಊರುಗಳು ಸಾಂಪ್ರದಾಯಿಕ ವಸತಿಗಳ ಪಟ್ಟಿಯಲ್ಲಿವೆ. ಅಲ್ಲಿ ಕಿಟಕಿಯ ಬಣ್ಣಕ್ಕೂ ಕೇಳಬೇಕು.

ಹೋಗಿ ನೋಡುವುದಾದರೆ ಜನವರಿಯಲ್ಲಿ ಹೋಗಿ. ಮಳೆ ಬಂದ ಮಾರನೇ ದಿನ. ವಿಮಾನ ಅಗ್ಗ, ಊರು ಖಾಲಿ, ದಲ್ಲಾಳಿಗೂ ಪುರುಸೊತ್ತು. ಒಂದು ಟಾರ್ಚು, ಒಂದು ಅಳತೆ ಟೇಪು, ಆ ಸ್ಕ್ರೂಡ್ರೈವರ್ ಜೇಬಿನಲ್ಲಿರಲಿ. ಒಳಗೆ ಹೋದ ಮೇಲೆ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಮಾತಾಡದೆ ನಿಂತುಕೊಳ್ಳಿ. ಎಲ್ಲಾದರೂ ತೊಟ್ಟಿಕ್ಕುತ್ತಿದ್ದರೆ ಕೇಳಿಸುತ್ತದೆ.